ಊರಿನ ಹಳ್ಳಕ್ಕೆ ಕಾಲುಸಂಕ: ಸರ್ಕಾರದ ಹಣ ತರುವುದು ಹೇಗೆ?

ಮಲೆನಾಡಿನ ತಮ್ಮೂರಿಗೆ ಕಾಲುಸಂಕ, ಅಂದರೆ ಹಳ್ಳವನ್ನು ನಡೆದು ದಾಟುವ ಕಿರುಸೇತುವೆ, ಬೇಕೆಂದಾಗ ಬೆಂಗಳೂರಿನಲ್ಲಿರುವವರು ಮೊದಲು ಹೋಗುವುದು ವಿಧಾನಸೌಧಕ್ಕೆ. ಅಲ್ಲಿ ಕೊಟ್ಟ ಮನವಿ ಇಲಾಖೆಗಳ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್, ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಎಂದು ಇಳಿಯುತ್ತಾ ಕೊನೆಗೆ ಊರಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿಗೇ ಬರುತ್ತದೆ, ‘ಪರಿಶೀಲಿಸಿ ವರದಿ ನೀಡಿ’ ಎಂಬ ಷರಾ ಹೊತ್ತು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಮುಗಿದಿರುತ್ತದೆ. ಹಾಗಾಗಿ ಕೆಲಸ ಕೆಳಗಿನಿಂದಲೇ ಶುರುವಾಗಬೇಕು.

ಮೊದಲ ಕೆಲಸ ಜುಲೈ, ಆಗಸ್ಟ್‌ನದು. ಹಳ್ಳ ತುಂಬಿ ಹರಿಯುವಾಗ ನೀರು ಮುಟ್ಟಿದ ಮಟ್ಟಕ್ಕೆ ಎರಡೂ ದಡದ ಮರ ಅಥವಾ ಬಂಡೆಯ ಮೇಲೆ ಬಣ್ಣದ ಗುರುತು ಹಾಕಿ, ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಎಂಜಿನಿಯರ್ ಸ್ಥಳಕ್ಕೆ ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಒಣಗಿದ ಹಳ್ಳ ನೋಡಿ ಸಂಕದ ಎತ್ತರ ಕಡಿಮೆ ಹಿಡಿದರೆ, ನೆರೆಯಲ್ಲಿ ತೇಲಿಬಂದ ಮರದ ದಿಮ್ಮಿಗಳು ಸಂಕಕ್ಕೆ ಅಡ್ಡ ಸಿಕ್ಕಿ, ಹಿಂದೆ ನೀರು ಕಟ್ಟಿಕೊಂಡು, ಇಡೀ ಕಟ್ಟಡವನ್ನೇ ಕಿತ್ತೊಯ್ಯುತ್ತವೆ. ಆ ಗುರುತಿಗಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ.

ಎರಡನೆಯದು ಜಾಗ. ಅನುದಾನ ವಾಪಸ್ ಹೋಗಲು ದೊಡ್ಡ ಕಾರಣ ಇದೇ. ಸರ್ಕಾರದ ಭೂನಕ್ಷೆ ಆ್ಯಪ್ ‘ದಿಶಾಂಕ್’ ತೆರೆದು ಹಳ್ಳದ ಎರಡೂ ದಡದ ಸರ್ವೆ ನಂಬರ್ ನೋಡಿ, ಪಹಣಿ ತೆಗೆಯಿರಿ. ಖಾಸಗಿ ಜಮೀನಾದರೆ ಮಾಲೀಕರ ಲಿಖಿತ ಒಪ್ಪಿಗೆ ಈಗಲೇ ಪಡೆಯಿರಿ. ಕಾಮಗಾರಿ ಶುರುವಾದ ಮೇಲೆ ಕೇಳಿದರೆ ಹಳೆಯ ಜಗಳಗಳೆಲ್ಲ ಎದ್ದು ಕೂರುತ್ತವೆ. ಅರಣ್ಯವಾದರೂ ಕೈಬಿಡಬೇಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ರಸ್ತೆ, ಕುಡಿಯುವ ನೀರಿನ ಪೈಪು, ಅಂಗನವಾಡಿ ಸೇರಿ 13 ಬಗೆಯ ಸರ್ಕಾರಿ ಸೌಲಭ್ಯಗಳಿಗೆ ಅರಣ್ಯಭೂಮಿ ಬಳಸಲು ದಾರಿ ಕೊಡುತ್ತದೆ. ಜಾಗ 1 ಹೆಕ್ಟೇರ್‌ಗಿಂತ ಕಡಿಮೆಯಿರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇಬೇಕು. ಆ ಪಟ್ಟಿಯಲ್ಲಿ ರಸ್ತೆಯಿದೆ, ಸಂಕದ ಹೆಸರಿಲ್ಲ; ಹಾಗಾಗಿ ಅರ್ಜಿಯಲ್ಲಿ ‘ರಸ್ತೆ ಕಾಮಗಾರಿ, ಕಾಲುಸಂಕ ಸಹಿತ’ ಎಂದೇ ಬರೆಯಿರಿ.

ಮೂರನೆಯದು ಸಭೆ. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಯೋಜನೆಯ ತಯಾರಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಆರಂಭವಾಗುತ್ತದೆ. ವಾರ್ಡ್ ಸಭೆಗೆ ಜನ ಸೇರಿಸಿ. ದಸರೆಗೆ ಊರಿಗೆ ಹೋಗುವವರು ದಯವಿಟ್ಟು ಇದಕ್ಕೊಂದು ದಿನ ಇಟ್ಟುಕೊಳ್ಳಿ. ‘ರಸ್ತೆ ಅಭಿವೃದ್ಧಿ’ ಎಂಬ ಮೊಗಮ್ ಮಾತು ಬೇಡ; ಹಳ್ಳದ ಹೆಸರು, ಸರ್ವೆ ನಂಬರ್, ಉದ್ದ, ದಾಟುವ ಮನೆಗಳ ಮತ್ತು ಶಾಲಾ ಮಕ್ಕಳ ಸಂಖ್ಯೆ ನಡವಳಿಯಲ್ಲಿ ದಾಖಲಾಗಲಿ. ಅದರ ದೃಢೀಕೃತ ಪ್ರತಿ ಕೈಯಲ್ಲಿರಲಿ.

ಇನ್ನು ಹಣ. ಶಿವಮೊಗ್ಗದಲ್ಲಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇಂಥ ಸಣ್ಣ ಕೆಲಸಗಳಿಗೆ ಮೊದಲು ತಟ್ಟಬೇಕಾದ ಬಾಗಿಲು. ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿಯಾಗಿ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ನಿಗದಿಯಾಗಿದೆ. ಪರಿಶಿಷ್ಟರ ಕೇರಿಯಾದರೆ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗಳ (ಎಸ್‌ಸಿಎಸ್‌ಪಿ, ಟಿಎಸ್‌ಪಿ) ಹಣವನ್ನೂ ಕೇಳಬಹುದು. ಒಂದೇ ಕೆಲಸವನ್ನು ಎರಡು ಕಡೆ ಮಂಜೂರು ಮಾಡಿಸಬೇಡಿ. ತಪಾಸಣೆಯಲ್ಲಿ ಎರಡೂ ನಿಲ್ಲುತ್ತವೆ.

ಎಂಜಿನಿಯರ್ ಮಾಡಿದ ಖರ್ಚಿನ ಅಂದಾಜುಪಟ್ಟಿಯನ್ನು ಕೂತು ಓದಿ. ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯದು: ಲಾರಿ ನಿಲ್ಲುವ ಕಡೆಯಿಂದ ಹಳ್ಳದವರೆಗೆ ಸಿಮೆಂಟ್, ಜಲ್ಲಿ, ಕಬ್ಬಿಣವನ್ನು ತಲೆಹೊರೆಯಲ್ಲಿ ಸಾಗಿಸುವ ಖರ್ಚು ಸೇರಿರಬೇಕು. ಅದು ಬಿಟ್ಟುಹೋದರೆ ಟೆಂಡರಿಗೆ ಯಾರೂ ಬರುವುದಿಲ್ಲ, ಬಂದವರು ಸಿಮೆಂಟಿನಲ್ಲಿ ಉಳಿಸುತ್ತಾರೆ. ಎರಡೂ ಬದಿಯ ಕೂಡುರಸ್ತೆ, ದಡದ ತಡೆಗೋಡೆ, ಜಿಎಸ್‌ಟಿ, ಶೇ 1ರ ಕಾರ್ಮಿಕ ಸೆಸ್ ಇವೆಯೇ ನೋಡಿ. ಕೂಡುರಸ್ತೆಯಿಲ್ಲದೆ ಹಳ್ಳದ ನಡುವೆ ಒಂಟಿಯಾಗಿ ನಿಂತ ಸಂಕಕ್ಕೆ ಮುದುಕರು ಏಣಿ ಹತ್ತಲಾರರು. ಟೆಂಡರ್ ತಪ್ಪಿಸಲು ಕೆಲಸವನ್ನು ತುಂಡು ಗುತ್ತಿಗೆಗಳಾಗಿ ಒಡೆಯಲು ಒಪ್ಪಬೇಡಿ. ಈ ವರ್ಷ ಒಂದು ದಡದ ಕಂಬ, ಮುಂದಿನ ವರ್ಷ ಇನ್ನೊಂದು ಎಂದಾದಾಗ ಎರಡನೆಯದು ಬರದೇ ಹೋಗುವುದೇ ಹೆಚ್ಚು.

ಬೆಟ್ಟದೂರಿನ ಪಂಚಾಂಗ ಬಿಗಿಯಾದದ್ದು. ಹಳ್ಳದಲ್ಲಿ ಅಡಿಪಾಯ ತೋಡಲು ಸಿಗುವುದು ಡಿಸೆಂಬರ್‌ನಿಂದ ಮೇ, ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಆದ್ದರಿಂದ ಟೆಂಡರ್ ಮಳೆಗಾಲದಲ್ಲೇ ಮುಗಿದು ನವೆಂಬರ್‌ಗೆ ಕಾರ್ಯಾದೇಶ ಕೈಗೆ ಬಂದಿರಬೇಕು. ಕಡತ ಅಲುಗಾಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನದ ಗಡುವಿದೆ.

ಸಂಕ ಮುಗಿದ ಮೊದಲ ಮಳೆಗಾಲದಲ್ಲಿ ಕಂಬದ ಬುಡದ ಮಣ್ಣು ಕೊರೆದಿದೆಯೇ, ಪಕ್ಕದ ಕೈಹಿಡಿ ಕಂಬಿ ಸಡಿಲವಾಗಿದೆಯೇ ನೋಡಿ. ದೋಷವಿದ್ದರೆ ಗುತ್ತಿಗೆದಾರರ ಹೊಣೆಯ ಅವಧಿ ಮುಗಿಯುವ ಮೊದಲೇ ಎಂಜಿನಿಯರ್‌ಗೆ ಫೋಟೊ ಸಮೇತ ಬರೆದು, ಸ್ವೀಕೃತಿ ಪಡೆಯಿರಿ.