ಕಿವಿ ಮಂದ ಆಗೂದು ಬರೇ ವಯಸ್ಸಿನಿಂದ ಅಲ್ಲ

ಬೆಟಗೇರಿಯ ಮಗ್ಗ, ಹಿಟ್ಟಿನ ಗಿರಣಿ, ಗಣಪತಿ ಮೆರವಣಿಗಿ ಡಿಜೆ ಹತ್ರ ಇರೋರು ಗಮನಿಸ್ರಿ. 85 ಡೆಸಿಬಲ್ ಸದ್ದಿಗೆ ದಿನಕ್ಕ 8 ತಾಸು ಮಿತಿ. 3 ಡೆಸಿಬಲ್ ಏರಿದಂಗ ತಾಸು ಅರ್ಧ. 100ಕ್ಕ ಬರೇ 15 ನಿಮಿಷ! ಮೂರು ಅಡಿ ದೂರದವರ ಜೋಡಿ ಮಾತಾಡಾಕ ಒದರಬೇಕಾತಂದ್ರ ಮಿತಿ ದಾಟೇತಿ.

ಹತ್ತಿ ತುರುಕಿದ್ರ ಸಾಲಂಗಿಲ್ಲ. ಫೋಮ್ ಇಯರ್‌ಪ್ಲಗ್ ತೆಳ್ಳಗ ಹೊಸೆದು, ಇನ್ನೊಂದು ಕೈಯಿಂದ ಕಿವಿ ಮ್ಯಾಲಕ್ಕ-ಹಿಂದಕ್ಕ ಜಗ್ಗಿ ಒಳಗಿಟ್ಟು, ಉಬ್ಬೂತನಕ 30 ಸೆಕೆಂಡ್ ಬೆರಳಿಂದ ಹಿಡೀರಿ. ಅರ್ಧ ಹೊರಗ ಉಳಿದ್ರ ಕೂತಿಲ್ಲ ಅಂತನ ಅರ್ಥ.

ಬೀಡಿ, ಸಕ್ಕರಿ ಕಾಯಿಲೆ, ಬಿಪಿ ಒಳಗಿವಿಯ ಸಣ್ಣ ರಕ್ತನಾಳ ಕೆಡಿಸ್ತಾವು; ಅಲ್ಲಿನ ಕೂದಲಿನಂಥ ಕೋಶ ಸತ್ರ ಮತ್ತ ಹುಟ್ಟಂಗಿಲ್ಲ. ಬಿಸಿ ಎಣ್ಣಿ ಹನಿಸೂದರಿಂದ ಏನೂ ಉಪಯೋಗ ಇಲ್ಲ, ಕಿವಿ ಸುಡಬಹುದು; ಹನಿಸಬ್ಯಾಡ್ರಿ. ಒಮ್ಮೆಲೆ ಒಂದು ಕಿವಿ ಕೇಳದಾದ್ರ ಅವತ್ತೇ ಇಎನ್‌ಟಿ ಡಾಕ್ಟರ್‌ಗೆ ತೋರಸ್ರಿ.