ಡಿಸ್ಕ್ ಸವೆದಿದ್ದು ಸರಿ, ಆದರೆ ಯಾಕೆ?

ಬ್ರೇಕ್ ಡಿಸ್ಕ್ ಅಂದ್ರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಬ್ರೇಕ್ ಒತ್ತಿದಾಗ ಎರಡು ಪ್ಯಾಡ್ ಅದನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಮುಂದಿನ ಚಕ್ರದ ಡಿಸ್ಕ್ ಸಾಮಾನ್ಯವಾಗಿ ಎರಡು ಮೂರು ಜೊತೆ ಪ್ಯಾಡ್ ಸವೆಯುವ ತನಕ ಬಾಳಬೇಕು. ನನ್ನ ಕಾರಿನದು ಮೊದಲ ಜೊತೆ ಪ್ಯಾಡಿಗೇ ಸುಸ್ತಾಯಿತು. ಗಾಡಿ 40 ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ. 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿತ್ತು, ಪೆಡಲ್ ಕಾಲಿಗೆ ಬಡಿಯುತ್ತಿತ್ತು.

ಗ್ಯಾರೇಜಿನಲ್ಲಿ ಒಂದೇ ಮಾತು. "ಡಿಸ್ಕ್ ಬೆಂಡ್ ಆಗ್ಯಾವ್ರೀ ಸರ್, ಎರಡೂ ಚೇಂಜ್ ಮಾಡಿಬಿಡೋಣ್ರಿ." ಯಾಕೆ ಆಯಿತು ಅಂದರೆ, "ಘಾಟ್‌ನ್ಯಾಗ ಭಾಳ ಓಡಸ್ತೀರಿ" ಅಂದರು. ಅದೇನೋ ನಿಜ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿಬರುವುದು ನನಗೆ ಕೆಲಸದ ಭಾಗ. ಆದರೆ ಇಳಿಜಾರು ಎರಡೂ ಚಕ್ರಕ್ಕೆ ಒಂದೇ ಅಲ್ವಾ? ಎಡಗಡೆ ಚಕ್ರದ ಡಿಸ್ಕ್ ಮಾತ್ರ ಕಾದು ನೀಲಿಗಟ್ಟಿತ್ತು, ಬಲಗಡೆಯದು ಬೆಳ್ಳಗೇ ಇತ್ತು. ಗಾಡಿ ವಾಪಸ್ ತಂದೆ.

ನಾನು ಉದ್ಯಮಬಾಗದ ಒಂದು ಮಶಿನ್ ಶಾಪ್‌ನಲ್ಲಿದ್ದೇನೆ. ಬೆಳಗಾವಿ ಫೌಂಡ್ರಿಗಳ ಊರು, ದಿನವಿಡೀ ನಮ್ಮ ಕೈ ಕಪ್ಪಾಗುವುದೇ ಕಾಸ್ಟ್ ಐರನ್ ಪುಡಿಯಿಂದ. ಬ್ರೇಕ್ ಡಿಸ್ಕ್ ಕೂಡ ಅದೇ ಗ್ರೇ ಐರನ್. ಒಳಗಿರುವ ಗ್ರಾಫೈಟ್ ಚಕ್ಕೆಗಳು ಶಾಖವನ್ನು ಬೇಗ ಸಾಗಿಸುತ್ತವೆ, ಸದ್ದನ್ನೂ ನುಂಗುತ್ತವೆ. ಅಷ್ಟು ಸುಲಭವಾಗಿ ಬಾಗುವ ಮಾಲಲ್ಲ ಅದು. ನಡುಕಕ್ಕೆ ಹೆಚ್ಚಿನ ಸಲ ಕಾರಣ ಬೇರೆ ಇರುತ್ತದೆ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ, ಇಲ್ಲವೇ ಕಾದ ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ನೋಡಿ ಹೇಳುವುದಲ್ಲ ಇದು, ಅಳೆಯಬೇಕು.

ಒಂದು ಭಾನುವಾರ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಜಾಕ್ ಒಂದನ್ನೇ ನಂಬಿ ಈ ಕೆಲಸ ಮಾಡಬೇಡಿ. ಚಕ್ರ ಬಿಚ್ಚಿ ಮೈಕ್ರೋಮೀಟರ್ ಹಿಡಿದೆ. ವರ್ನಿಯರ್ ಇಲ್ಲಿ ಮೋಸ ಮಾಡುತ್ತದೆ. ಪ್ಯಾಡ್ ತಾಗದ ಅಂಚಿನಲ್ಲಿ ತುಕ್ಕಿನ ದಂಡೆ ಎದ್ದಿರುತ್ತದೆ, ವರ್ನಿಯರಿನ ದವಡೆ ಆ ದಂಡೆಯ ಮೇಲೇ ಕೂತು ದಪ್ಪ ಜಾಸ್ತಿ ತೋರಿಸುತ್ತದೆ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಎಂಟು ಕಡೆ ಗುರುತು ಹಾಕಿ ಅಳೆದೆ. ಹೊಸದಿದ್ದಾಗ 22 ಮಿಲಿಮೀಟರ್. ಕನಿಷ್ಠ 20 ಅಂತ ಡಿಸ್ಕಿನ ಮೇಲೇ ಅಚ್ಚು ಹಾಕಿದ್ದಾರೆ. ನಿಮ್ಮ ಗಾಡಿಗೆ ಬೇರೆ ಇರಬಹುದು, ಅಚ್ಚು ಓದಿಕೊಳ್ಳಿ. ಬಲಗಡೆ ಎಲ್ಲ ಕಡೆ 21.2 ಬಂತು. ಎಡಗಡೆ 20.06ರಿಂದ 20.10. ಆ 40 ಮೈಕ್ರಾನ್ (0.04 ಮಿಲಿಮೀಟರ್) ವ್ಯತ್ಯಾಸವೇ ಸ್ಟೇರಿಂಗ್ ಅಲುಗಿಸುತ್ತಿದ್ದುದು.

ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದಾಗ ಉತ್ತರ ಸಿಕ್ಕಿತು. ಎಡಗಡೆ ಒಳಗಿನ ಪ್ಯಾಡ್ ಹತ್ತಿರ ಹತ್ತಿರ ಹಿಂದಿನ ತಗಡಿನ ತನಕ ಸವೆದಿತ್ತು. ಹೊರಗಿನದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ನಮ್ಮ ಕಾರುಗಳಲ್ಲಿ ಹೆಚ್ಚಾಗಿರುವುದು ಜಾರುವ ಕ್ಯಾಲಿಪರ್. ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಅದು ಒಳ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರಿ ಹೊರ ಪ್ಯಾಡನ್ನು ಎಳೆದುಕೊಳ್ಳಬೇಕು. ನನ್ನದರಲ್ಲಿ ಕೆಳಗಿನ ಪಿನ್ನಿನ ರಬ್ಬರ್ ಬೂಟು ಹರಿದಿತ್ತು. ಜಾಂಬೋಟಿ, ಕಣಕುಂಬಿ ಕಡೆಯ ಮಳೆ ಗೊತ್ತಲ್ಲ? ಆ ಕೆಂಪು ರಾಡಿಯೆಲ್ಲ ಒಳಗೆ ಹೋಗಿ ಗ್ರೀಸ್ ಒಣಗಿ ಅಂಟಾಗಿತ್ತು. ಪಿನ್ನನ್ನು ಪಾನಾ ಹಾಕಿ ತಿರುಗಿಸಿ ತಿರುಗಿಸಿ ಹೊರಗೆ ತೆಗೆಯಬೇಕಾಯಿತು. ಬಂದದ್ದು ಕಂದು ತುಕ್ಕು ಹತ್ತಿದ ಕಡ್ಡಿ. ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಸುಮ್ನೆ ಹೊಸ ಡಿಸ್ಕ್ ಹಾಕಿಸಿದ್ದರೆ ಅದನ್ನೂ ಹೀಗೇ ತಿಂದುಹಾಕುತ್ತಿತ್ತು.

ನಮ್ಮ ಶಾಪಿನ ಹುಡುಗನೊಬ್ಬ, "ಅಣ್ಣಾರ, ನಮ್ಮ ಲೇಥ್ ಐತಲ್ಲ, ಒಂದ್ ಕಟ್ ಹೊಡದ್ರ ಮುಗೀತು" ಅಂದ. ಆಸೆಯಾಗುವ ಮಾತೇ. ಆದರೆ 20.06ರಲ್ಲಿ ಎರಡು ಮಗ್ಗಲೂ ಕಟ್ ಹೊಡೆದು ಸಮ ಮಾಡಿದರೆ 20ರ ಕೆಳಗೆ ಹೋಗುವುದು ಖಾತ್ರಿ. ತೆಳು ಡಿಸ್ಕ್ ಶಾಖ ತಡೆಯುವುದಿಲ್ಲ. 1200 ಕೆಜಿಯ ಗಾಡಿ 700 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಎರಡು ಯೂನಿಟ್ ಕರೆಂಟಿಗಿಂತ ಜಾಸ್ತಿ. ಎಂಜಿನ್ನು, ಗಾಳಿ ತಡೆದುಕೊಂಡು ಉಳಿದದ್ದೆಲ್ಲ ಈ ಕಬ್ಬಿಣದ ಒಳಗೇ ಹೋಗಬೇಕು. ಎರಡೂ ಕಡೆ ಹೊಸದೇ ತಂದೆ. ಒಂದು ಕಡೆ ಮಾತ್ರ ಬದಲಿಸಿದರೆ ಬ್ರೇಕ್ ಒಂದು ಮಗ್ಗಲಿಗೆ ಎಳೆಯಬಹುದು.

ಹಳೆಯ ಡಿಸ್ಕ್ ತುಕ್ಕು ಹಿಡಿದು ಹಬ್ಬಿಗೆ (ಡಿಸ್ಕ್, ಚಕ್ರ ಕೂರುವ ನಡುಭಾಗ) ಕಚ್ಚಿಕೊಂಡಿತ್ತು. ಅದರಲ್ಲಿ ಥ್ರೆಡ್ ಇರುವ ಎರಡು ಸಣ್ಣ ತೂತುಗಳಿರುತ್ತವೆ. ಅಳತೆಗೆ ಸರಿಯಾದ ಬೋಲ್ಟ್ ಹಾಕಿ ಒಂದಾದ ಮೇಲೊಂದು ಬಿಗಿಯುತ್ತ ಹೋದರೆ ತಾನೇ ಕಳಚಿ ಬರುತ್ತದೆ, ಹ್ಯಾಮರ್ ಬೇಡ. ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ಮೇಲೆ ತೂಗುಹಾಕಿದ್ದೆ. ಬ್ರೇಕ್ ಆಯಿಲ್ ಬರುವ ಹೋಸಿನ ಮೇಲೆ ಅದರ ಭಾರ ಬೀಳಬಾರದು.

ಗ್ಯಾರೇಜುಗಳಲ್ಲಿ ಜಾಸ್ತಿ ಬಿಟ್ಟುಹೋಗುವ ಕೆಲಸ ಹಬ್ಬಿನ ಮುಖ ತಿಕ್ಕುವುದು. ಅಲ್ಲಿ 50 ಮೈಕ್ರಾನ್ ತುಕ್ಕು ಉಳಿದರೂ ಡಿಸ್ಕಿನ ಹೊರ ಅಂಚಿನಲ್ಲಿ ಅದು ಸುಮಾರು ದುಪ್ಪಟ್ಟು ಓಲಾಟವಾಗುತ್ತದೆ. ವೈರ್ ಬ್ರಶ್ಶಿನಿಂದ ಲೋಹ ಕಾಣುವ ತನಕ ತಿಕ್ಕಿದೆ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಕೂರಿಸಿದೆ. ವಾಶರ್ ಇಟ್ಟು ನಟ್ ಬಿಗಿದು, ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿದರೆ ಮುಳ್ಳು 30 ಮೈಕ್ರಾನ್ ಒಳಗೇ ಆಡಿತು. ಪಿನ್ನು, ಬೂಟು ಎರಡೂ ಹೊಸವು. ಅದಕ್ಕೆ ಸಿಲಿಕೋನ್ ಗ್ರೀಸೇ ಆಗಬೇಕು, ಸಾದಾ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಪಿನ್ ಹಿಡಿಯುತ್ತದೆ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಉಕ್ಕದಂತೆ ನೋಡುತ್ತಿರಿ. ಆಯಿಲ್ ಚೆಲ್ಲಿದರೆ ಪೇಂಟ್ ಎದ್ದು ಬರುತ್ತದೆ. ಗಾಡಿ ಚಾಲೂ ಮಾಡಿದ ಮೇಲೆ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ, ಆಮೇಲೆ ಗೇರ್.

ಬೆಳಗ್ಗೆ ಖಾನಾಪುರ ರಸ್ತೆ ಖಾಲಿ ಇದ್ದಾಗ ಹೊಸ ಪ್ಯಾಡನ್ನು ಹೊಸ ಡಿಸ್ಕಿಗೆ ಹೊಂದಿಸಿಕೊಂಡೆ. 60ರಿಂದ 10ಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದು, ನಡುವೆ ಆರಲು ಬಿಡುವುದು. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತುಬಿಟ್ಟರೆ ಅಲ್ಲೇ ಮಸಾಲೆ ಅಂಟುತ್ತದೆ.

ಆಮೇಲೆ ಶಾಪಿನ ಟೆಂಪರೇಚರ್ ಗನ್ ತಂದು ಹಿಡಿದೆ. ರಿಪೇರಿಗೆ ಮುಂಚೆ, ಊರೊಳಗೇ ಓಡಿಸಿ ಬಂದಾಗ, ಎಡಗಡೆ 140, ಬಲಗಡೆ 70 ಡಿಗ್ರಿ ಇತ್ತು. ಈಗ ಎರಡೂ 60ರ ಆಸುಪಾಸು. ಚೋರ್ಲಾ ಇಳಿಯುವಾಗ ಈಗ ಎರಡನೇ ಗೇರ್ ಬಿಡುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ನಾಲ್ಕೂ ಪಿನ್ ಹೊರಗೆಳೆದು ನೋಡುತ್ತೇನೆ. ಲೇಥಿನ ಹುಡುಗ ಆಗಲೇ ತನ್ನ ಮಾವನ ವ್ಯಾನ್ ತಂದು ಶಾಪಿನ ಮುಂದೆ ನಿಲ್ಲಿಸಿದ್ದಾನೆ, ಅದೂ ಎಡಕ್ಕೆ ಎಳೆಯುತ್ತದಂತೆ.