ಪಾರ್ಕ್ ಒಳಗಿನ ಹಳೇ ಲೈಬ್ರರಿಗೆ ಹೊಸ ಕಟ್ಟಡ ಸೇರಿಸಿದ್ದು: ನನ್ನ ಅನುಭವ

ನಮ್ಮ ಕಡೆ ಒಂದು ಜಿಲ್ಲಾ ಕೇಂದ್ರದ ಪಾರ್ಕ್ ಒಳಗೆ ಮಹಾರಾಜರ ಕಾಲದ ಹಾಲ್ ಒಂದಿದೆ, ಇಟ್ಟಿಗೆ ಗಾರೆ ಗೋಡೆ, ಮೇಲೆ ಮದ್ರಾಸ್ ಟೆರೇಸ್ (ಮರದ ತೊಲೆಗಳ ಮೇಲೆ ಇಟ್ಟಿಗೆ ಸುಣ್ಣದಲ್ಲಿ ಮಾಡೋ ಹಳೇ ಥರದ ತಾರಸಿ), ಎಷ್ಟೋ ವರ್ಷದಿಂದ ಅಲ್ಲೇ ಪಬ್ಲಿಕ್ ಲೈಬ್ರರಿ ನಡೀತಿದೆ. ಜಾಗ ಸಾಲ್ತಿಲ್ಲ, ಹಿಂದುಗಡೆ ಎರಡು ಫ್ಲೋರ್ ಅಂಟಿಸಿ ಕಟ್ಕೊಡಿ, ಎಲಿವೇಶನ್ (ಹೊರಗಿಂದ ಕಾಣೋ ರೂಪ) ಮಾತ್ರ ಹಳೇದರ ಥರಾನೇ ಕಮಾನು ಗಿಮಾನು ಹಾಕಿ ಅಂತ ಲೈಬ್ರರಿ ಕಡೆಯವರು ಕೇಳಿದ್ರು. ಒಪ್ಕೊಂಡೆ, ಆದ್ರೆ ಡ್ರಾಯಿಂಗ್ ಶುರು ಮಾಡೋಕೆ ಮುಂಚೆ ಒಂದು ವಾರ ಸುಮ್ನೆ ಅಲ್ಲಿ ಹೋಗಿ ಕೂತೆ.

ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆನೇ ರಿಟೈರ್ ಆದವರು ಪೇಪರ್ ಓದೋಕೆ ಬಂದು ಮೆಟ್ಟಿಲ ಮೇಲೆ ಕಾಯ್ತಿರ್ತಾರೆ, ಹನ್ನೊಂದರ ಹೊತ್ತಿಗೆ ಅವರೆಲ್ಲ ಖಾಲಿ. ಆಮೇಲೆ ದಿನಪೂರ್ತಿ ಇರೋರು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದೋ ಹುಡುಗ ಹುಡುಗೀರು, ಪುಸ್ತಕ ಅವರೇ ತರ್ತಾರೆ, ಅವರಿಗೆ ಬೇಕಿರೋದು ಒಂದು ಕುರ್ಚಿ, ಲೈಟು, ಪ್ಲಗ್ ಪಾಯಿಂಟು, ಕ್ಲೀನಾಗಿರೋ ಟಾಯ್ಲೆಟ್ಟು, ಅದಿಲ್ಲದೆ ಅರ್ಧ ಜನ ಹೊರಗೆ ಮಳೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕತ್ತಲಾಗೋವರೆಗೂ ಓದ್ತಿದ್ರು. ಇನ್ನು ಪುಸ್ತಕಗಳು ಹಾಲ್ ಸುತ್ತ ಇರೋ ಮರದ ಅಟ್ಟದ ಮೇಲೆ ರ‍್ಯಾಕ್ ತುಂಬಾ. ಕೆಳಗಿಂದ ದಾರ ಹಿಡಿದು ನೋಡಿದ್ರೆ ತೊಲೆಗಳು ಕಣ್ಣಿಗೆ ಕಾಣೋ ಅಷ್ಟು ಬಾಗಿದ್ವು. ಕಟ್ಟಡ ಎಷ್ಟು ಭಾರ ತಡೀಬೇಕು ಅಂತ ಹೇಳೋ ನಮ್ಮ ಐಎಸ್ 875 ಕೋಡ್ ಪ್ರಕಾರ ಪುಸ್ತಕದ ಸ್ಟ್ಯಾಕ್ ರೂಮಿಗೆ, ಅಂದ್ರೆ ಪುಸ್ತಕ ಜೋಡಿಸಿಡೋ ಕೋಣೆಗೆ, 2.2 ಮೀಟರ್ ಎತ್ತರದವರೆಗೆ ಚದರ ಮೀಟರಿಗೆ 6 ಕಿಲೋನ್ಯೂಟನ್ ಲೋಡ್ ಹಿಡೀಬೇಕು, ಅಂದ್ರೆ ಹತ್ತಿರ ಹತ್ತಿರ 600 ಕೆಜಿ. ಆ ಅಟ್ಟ ಕಟ್ಟಿದ್ದು ಜನ ನಿಂತು ಭಾಷಣ ಕೇಳೋಕೆ, ಇಷ್ಟು ಪುಸ್ತಕ ಹೊರೋಕಲ್ಲ. ಅವತ್ತೇ ನನಗೆ ಗೊತ್ತಾಯ್ತು ಇಲ್ಲಿ ಕೆಲಸ ಅಂದ್ರೆ ಹಳೇ ಕಟ್ಟಡಕ್ಕೆ ಇನ್ನೇನೋ ಸೇರಿಸೋದಲ್ಲ, ಅದರ ಮೇಲಿರೋ ಭಾರ ಇಳಿಸೋದು. ಲೈಬ್ರರಿಯನ್ ಮೇಡಂ, ಗ್ರಂಥಾಲಯ ಅಂದ್ರೆ ಬೆಳೆಯೋ ಜೀವಿ ಅಂತ ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರು 1931ರಲ್ಲೇ ಹೇಳಿದಾರೆ ಸರ್ ಅಂದ್ರು. ಬೆಳೀಲಿ ಮೇಡಂ, ಆದ್ರೆ ಪಕ್ಕದಲ್ಲಿ ಬೆಳೀಲಿ, ಈ ಗೋಡೆ ಮೇಲಲ್ಲ ಅಂದೆ.

ಬೆಂಗಳೂರಿಗೆ ಹೋಗಿ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಮೆಮೋರಿಯಲ್ ಹಾಲನ್ನ ಮತ್ತೊಂದು ಸಲ ನೋಡ್ಕೊಂಡು ಬಂದೆ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರ ನೆನಪಿಗೆ ಕಟ್ಟಿದ್ದು, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಕೆಂಪು ಗೋಡೆ, ಬಿಳಿ ಅಂಚು, ಮುಂದೆ ಗುಲಾಬಿ ತೋಟ, ದೂರದಿಂದ ನಡ್ಕೊಂಡು ಬರ್ತಾ ಮರಗಳ ಮಧ್ಯೆ ಅದು ಕಾಣೋ ರೀತಿನೇ ಅದರ ಅರ್ಧ ಚೆಂದ. ಅದನ್ನ ನೋಡಿದ್ಮೇಲೆ ನಮ್ಮಲ್ಲೂ ಹೊಸದು ಹಳೇದಕ್ಕಿಂತ ತಗ್ಗಿರಬೇಕು, ಮುಂದಿನ ದಾರಿಯಿಂದ ಕಾಣಲೇಬಾರದು ಅಂತ ತೀರ್ಮಾನ ಮಾಡ್ದೆ. ಸುಳ್ಳು ಕಮಾನು ಬೇಡ ಅಂತ ಒಪ್ಪಿಸೋಕೆ ಹಳೇ ಕಟ್ಟಡ ಕಾಪಾಡೋ ಬಗ್ಗೆ ಇರೋ ಅಂತರರಾಷ್ಟ್ರೀಯ ಸನ್ನದು, 1964ರ ವೆನಿಸ್ ಚಾರ್ಟರ್ ತೋರಿಸಿದೆ, ಹೊಸದಾಗಿ ಸೇರಿಸಿದ್ದು ಹೊಸದು ಅಂತಾನೇ ಕಾಣ್ಬೇಕು ಅಂತ ಅದರಲ್ಲಿದೆ. ಮೂರು ಮೀಟಿಂಗ್ ಆಯ್ತು ಒಪ್ಪೋಕೆ.

ಕೊನೆಗೆ ಪ್ಲಾನ್ ನಿಂತಿದ್ದು ಹೀಗೆ. ಪೇಪರ್ ಓದೋರು ಹಳೇ ಹಾಲ್‌ನಲ್ಲೇ ಇರ್ತಾರೆ, ಅದು ಅವರ ಜಾಗ. ಪುಸ್ತಕದ ಸ್ಟ್ಯಾಕ್ ಪೂರ್ತಿ ಮರ ಇಲ್ಲದ ಕಡೆ ಗಟ್ಟಿ ನೆಲದ ಮೇಲೆ, ಸಣ್ಣ ಕಿಟಕಿ, ಅದೂ ಉತ್ತರಕ್ಕೆ, ಬಿಸಿಲು ನೇರ ಬಿದ್ರೆ ಬೈಂಡಿಂಗ್ ಎಲ್ಲ ಬಿಳಿಚ್ಕೊಳ್ಳುತ್ತೆ. ಓದೋ ಹಾಲ್ ಮಳೆಮರದ ಕಡೆ. ಆ ಮರದ ಕಾಂಡ 90 ಸೆಂಟಿಮೀಟರ್ ದಪ್ಪ, ಕಾಂಡದಿಂದ ಎಲ್ಲಾ ಕಡೆ ಅದರ 12 ಪಟ್ಟು ದೂರ, ಅಂದ್ರೆ ಹತ್ತಿರ ಹತ್ತಿರ 11 ಮೀಟರ್ ಒಳಗೆ ಬೇರು ಕೆಣಕಬಾರದು ಅನ್ನೋದು ನಾವು ಇಟ್ಕೊಳ್ಳೋ ಲೆಕ್ಕ. ಹಾಲ್‌ನ ಒಂದು ಮೂಲೆ ಅದರೊಳಗೆ ಬರ್ತಿತ್ತು, ಹಂಗಾಗಿ ಅಲ್ಲಿ ಜೆಸಿಬಿ ಬಿಡ್ಲಿಲ್ಲ, ಪಾಯದ ಗುಂಡಿ ಕೈಯಲ್ಲೇ ತೋಡಿಸಿದ್ವಿ. ಒಂದು ಗುಂಡಿಯಲ್ಲಿ ತೊಡೆ ಗಾತ್ರದ ಬೇರು ಸಿಕ್ತು, ಮಣ್ಣು ಮುಚ್ಚಿಸಿ ಪಿಲ್ಲರ್‌ನ ನಾಲ್ಕಡಿ ಪಕ್ಕಕ್ಕೆ ತಗೊಂಡೆ, ಅದಕ್ಕೆ ಎಂಜಿನಿಯರ್ ಬೀಮ್ ಲೆಕ್ಕ ಪೂರ್ತಿ ಮತ್ತೆ ಮಾಡ್ಬೇಕಾಯ್ತು. ನೆಲ ಎರಡಡಿ ಎತ್ತರದಲ್ಲಿದೆ, ಕೆಳಗೆ ಗಾಳಿ ನೀರು ಆಡುತ್ತೆ.

ಎರಡು ಕಟ್ಟಡದ ಮಧ್ಯೆ ಐದಡಿ ಸಂದು ಬಿಟ್ಟು ಮೇಲೆ ಗಾಜಿನ ಮಾಡು ಹಾಕಿದೀವಿ. ಹಳೇ ಗೋಡೆಗೆ ಹೊಸ ಬಾಗಿಲು ಹೊಡೀಲಿಲ್ಲ, ಇದ್ದ ಕಿಟಕಿಯ ಕೆಳಗಿನ ಗೋಡೆ ಮಾತ್ರ ಬಿಡಿಸಿ ದಾರಿ ಮಾಡಿದ್ವಿ, ಆ ಕಿಟಕಿಯ ಕಲ್ಲೇ ಈಗ ಮೆಟ್ಟಿಲು. ಇಲ್ಲಿ ನಂದೊಂದು ತಪ್ಪಾಯ್ತು. ಸಂದಿನ ಮಾಡಿನ ಗಟರ್ (ಮಳೆ ನೀರು ಹರಿದು ಹೋಗೋ ದೋಣಿ) ನಾಲ್ಕಿಂಚು ಅಗಲ ಕೊಟ್ಟಿದ್ದೆ, ಲೆಕ್ಕದಲ್ಲಿ ಮಳೆ ನೀರಿಗೆ ಅದು ಸಾಕು, ಆದ್ರೆ ಪಕ್ಕದ ಹೊಂಗೆ ಮರ ಎಲೆ ಹೂ ಉದುರಿಸೋದನ್ನ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಮೊದಲ ಜೋರು ಮಳೆಗೇ ಕಟ್ಕೊಂಡು ನೀರು ಹಳೇ ಗೋಡೆ ಮೇಲೆ ಇಳೀತು. ತುಂಬಾ ಬೇಜಾರಾಯ್ತು, ಯಾವ ಗೋಡೆ ಕಾಪಾಡ್ಬೇಕು ಅಂತ ಹೊರಟಿದ್ನೋ ಅದೇ ನೆನೀತಲ್ಲ ಅಂತ. ಗಟರ್ ಕಿತ್ತು ಒಂದಡಿ ಅಗಲದ್ದು ಹಾಕಿ, ಆಳು ಹತ್ತಿ ಕೈಯಲ್ಲಿ ಗುಡಿಸೋ ಹಾಗೆ ಮಾಡಿದ್ವಿ.

ಗೋಡೆ ವಿಷಯ ಹೇಳ್ಲೇಬೇಕು. ಹಿಂದೆ ಯಾವಾಗಲೋ ಕೆಳಗಿನ ನಾಲ್ಕಡಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದ್ರು, ಗೋಡೆಗೆ ಒತ್ಕೊಂಡೇ ಹೂವಿನ ಪಾತಿ, ದಿನಾ ನೀರು. ಆ ತೇವ ಸಿಮೆಂಟ್ ದಾಟಿ ಹೊರಗೆ ಬರೋಕಾಗದೆ ಮೇಲಕ್ಕೇರಿ ಉಪ್ಪಾಗಿ ಕೂತು, ಇಟ್ಟಿಗೆ ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತಿತ್ತು. ಪಾತಿ ಮೂರಡಿ ಹಿಂದಕ್ಕೆ ಹಾಕ್ಸಿ, ಸಿಮೆಂಟ್ ಪೂರ್ತಿ ಕಿತ್ತು ಒಂದು ಬೇಸಿಗೆ ಗೋಡೆನ ಹಂಗೇ ಒಣಗೋಕೆ ಬಿಟ್ವಿ. ಗಾರೆಗೆ ವಯಸ್ಸಾದ ಮೇಸ್ತ್ರಿ ಒಬ್ಬರು ಸಿಕ್ಕಿದ್ರು, ಅಳಲೆಕಾಯಿ ಬೆಲ್ಲ ನೆನೆಸಿದ ನೀರಲ್ಲಿ ಸುಣ್ಣ ಮರಳು ಅರೆಸಿ, ಚಿಟಿಕೆ ತಗೊಂಡು ಹೆಬ್ಬೆರಳ ಉಗುರ ಮೇಲೆ ತಿಕ್ಕಿ ನೋಡೋರು, ತರಿ ಸಿಕ್ಕಿದ್ರೆ ಮತ್ತೆ ಅರೀರಿ ಅನ್ನೋರು. ಮೇಸ್ತ್ರಿಗಳೇ, ಟೆಂಡರ್ ಟೈಮ್ ಮುಗೀತಿದೆ ಅಂದ್ರೆ, ಗೋಡೆ ನಿಮ್ಮ ಟೆಂಡರ್ ಕೇಳಲ್ಲ ಸಾರ್, ಗೋಣಿಚೀಲ ನೆನೆಸಿ ಕಟ್ಸಿ ಅಂದ್ರು. ಕಟ್ಸಿದ್ವಿ.

ಈಗ ಹುಡುಗ್ರು ಒಳಗೆ ಕೂತು ಓದ್ತಾರೆ. ಅಟ್ಟದ ಮೇಲಿನ ಪುಸ್ತಕ ಎಲ್ಲ ಇಳಿಸಿ ಆರು ತಿಂಗಳಾದ್ಮೇಲೆ ಮತ್ತೆ ದಾರ ಹಿಡಿದು ನೋಡ್ದೆ, ತೊಲೆಗಳು ಸ್ವಲ್ಪ ಮೇಲಕ್ಕೆ ಬಂದಿವೆ, ಪೂರ್ತಿ ನೆಟ್ಟಗಾಗಲ್ಲ. ಎರಡು ತೊಲೆಯ ತುದಿ ಗೋಡೆಯೊಳಗೆ ಗೆದ್ದಲು ತಿಂದಿದೆ, ಅದಕ್ಕೆ ಹಳೇ ತೇಗ ಹುಡುಕ್ತಿದೀವಿ.